ಒಂದು ಕಂಪ್ಯೂಟರ್, ನಾಲ್ಕು ಅಕೌಂಟ್: ನೆಟ್ ಬಾರದಾಗ, ಫೈಲ್ ತೆರೆಯದಾಗ ಎಲ್ಲಿಂದ ಹುಡುಕಬೇಕು

ನನ್ನ ತಮ್ಮನದು ಜೆರಾಕ್ಸ್, ಡಿಟಿಪಿ ಅಂಗಡಿ. ಇರುವುದು ಒಂದೇ ಕಂಪ್ಯೂಟರ್, ಅದರಲ್ಲಿ ನಾಲ್ಕು ಅಕೌಂಟ್. ತಮ್ಮನದೊಂದು, ಬೆಳಿಗ್ಗೆ ಬರುವ ಹುಡುಗಿಯದೊಂದು, ಸಂಜೆ ಬರುವ ಹುಡುಗನದೊಂದು, ಅರ್ಜಿ ತುಂಬಲು ಬರುವ ಗಿರಾಕಿಗಳಿಗೆ ಒಂದು. ಏನಾದರೂ ಕೈಕೊಟ್ಟರೆ ಫೋನ್ ಬರುವುದು ನನಗೆ. ‘ಅಣ್ಣಾ, ನೆಟ್ ಬರ್ತಿಲ್ಲ.’

ನಾನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ‘ನಿಂಗೊಬ್ಬನಿಗಾ, ಎಲ್ಲರಿಗೂನಾ?’

ಇದು ಗೊತ್ತಾಗುವವರೆಗೆ ವೈರ್ ಕೀಳಬೇಡ, ರೂಟರ್ ಆಫ್ ಮಾಡಬೇಡ ಅನ್ನುತ್ತೇನೆ. ಯಾಕೆಂದರೆ ವಿಂಡೋಸ್‌ನಲ್ಲಿ ಕೆಲವು ಸೆಟ್ಟಿಂಗ್ ಇಡೀ ಮಷಿನ್‌ಗೆ ಸೇರಿದವು, ಕೆಲವು ಆಯಾ ಅಕೌಂಟ್‌ಗೆ ಸೇರಿದವು. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಕಂಪ್ಯೂಟರ್‌ನ ನಂಬರ್), ಡಿಎನ್‌ಎಸ್ (ಸೈಟ್ ಹೆಸರಿಗೆ ನಂಬರ್ ಹುಡುಕಿಕೊಡುವುದು), ನೆಟ್‌ವರ್ಕ್ ಅಡಾಪ್ಟರ್ (ನೆಟ್‌ಗೆ ಸೇರಿಸುವ ಭಾಗ), ಗಡಿಯಾರ, ಇವೆಲ್ಲ ಮಷಿನ್‌ಗೆ ಸೇರಿದವು. ಇವು ಕೆಟ್ಟರೆ ನಾಲ್ವರಿಗೂ ತೊಂದರೆ. ಪ್ರಾಕ್ಸಿ (ಬ್ರೌಸರ್‌ನ ಮಾತನ್ನು ನಡುವೆ ನಿಂತು ದಾಟಿಸುವ ಮಧ್ಯವರ್ತಿ), ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಮ್), ಡೀಫಾಲ್ಟ್ ಪ್ರಿಂಟರ್ ಆಯಾ ಅಕೌಂಟ್‌ಗೆ ಸೇರಿದವು. ಇವು ಕೆಟ್ಟರೆ ಒಬ್ಬರಿಗೆ ಮಾತ್ರ ತೊಂದರೆ, ಪಕ್ಕದವರಿಗೆ ಅದು ಗೊತ್ತೂ ಆಗುವುದಿಲ್ಲ.

ಪರೀಕ್ಷೆಗೆ ಮೂರು ನಿಮಿಷ ಸಾಕು. ನಿಮ್ಮ ಕೆಲಸ ಸೇವ್ ಮಾಡಿ, ಸೈನ್ ಔಟ್ ಆಗಿ, ಬೇರೆ ಅಕೌಂಟ್‌ನಿಂದ ಒಳಗೆ ಹೋಗಿ ಅದೇ ಸೈಟ್ ತೆರೆಯಿರಿ. ಜೊತೆಗೆ ಅದೇ ವೈಫೈಗೆ ಫೋನ್ ಸೇರಿಸಿ, ಫೋನ್‌ನ ಮೊಬೈಲ್ ಡೇಟಾ ಆಫ್ ಮಾಡಿ, ಅಲ್ಲೂ ತೆರೆದು ನೋಡಿ. ಡೇಟಾ ಆಫ್ ಮಾಡುವುದನ್ನು ಮರೆತರೆ ಫೋನ್ ನಿಮಗೆ ಸುಳ್ಳು ಹೇಳುತ್ತದೆ. ಫೋನ್‌ಗೂ ನೆಟ್ ಇಲ್ಲವೆಂದರೆ ದೋಷ ರೂಟರ್‌ನಲ್ಲೋ ಲೈನ್‌ನಲ್ಲೋ ಇದೆ. ಫೋನ್‌ಗೆ ಬಂದು ಯಾವ ಅಕೌಂಟ್‌ನಲ್ಲೂ ಬರದಿದ್ದರೆ ದೋಷ ಮಷಿನ್‌ನಲ್ಲಿ. ಒಂದೇ ಅಕೌಂಟ್‌ನಲ್ಲಿ ಬರದಿದ್ದರೆ ಆ ಅಕೌಂಟ್‌ನಲ್ಲಿ.

ಮುಂದೆ ಹೇಳಿರುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ, ವಿಂಡೋಸ್ ಬದಲು ಉಬುಂಟು ಇರುವವರಿಗೆ ಕೊನೆಯ ಕಡೆ ಸ್ವಲ್ಪ ಇದೆ. ಕಮಾಂಡ್‌ಗಳನ್ನು ಫೋನ್‌ನಲ್ಲಿ ಹೇಳಿಕೊಟ್ಟ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ.

## ಫೋನ್‌ಗೂ ಇಲ್ಲ, ಕಂಪ್ಯೂಟರ್‌ಗೂ ಇಲ್ಲ

ಮೊದಲು ನಾಚಿಕೆಯಾಗುವಂಥ ಪ್ರಶ್ನೆ: ರೀಚಾರ್ಜ್ ಮುಗಿದಿದೆಯಾ? ಪ್ಲಾನ್ ಮುಗಿದ ದಿನ ವೈಫೈ ಗೆರೆಗಳು ತುಂಬಿರುತ್ತವೆ, ನೆಟ್ ಮಾತ್ರ ಬರುವುದಿಲ್ಲ. ನಾನೇ ಒಮ್ಮೆ ಅರ್ಧ ಗಂಟೆ ಸೆಟ್ಟಿಂಗ್ಸ್ ತಡಕಾಡಿದ ಮೇಲೆ ಇದು ಹೊಳೆದಿತ್ತು.

ಆಮೇಲೆ ದೀಪ ನೋಡಿ. ಫೈಬರ್ ಬಾಕ್ಸ್‌ನಲ್ಲಿ ‘ಲಾಸ್’ (ಎಲ್‌ಒಎಸ್) ಅಂತ ಬರೆದ ಕಡೆ ಕೆಂಪು ದೀಪ ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ತುಂಡಾಗಿದೆ, ಇಲ್ಲವೇ ಬಾಕ್ಸ್‌ನಿಂದ ಸಡಿಲವಾಗಿದೆ. ಇದಕ್ಕೆ ನಿಮ್ಮ ಕಂಪ್ಯೂಟರ್‌ನಲ್ಲಿ ಮಾಡುವ ಕೆಲಸ ಏನೂ ಇಲ್ಲ, ಲೈನ್ ಕೊಟ್ಟವರಿಗೆ ಫೋನ್ ಮಾಡಿ. ಫೈಬರ್‌ನ ತುದಿ ಬಿಚ್ಚಿ ಕಣ್ಣಿಗೆ ಹಿಡಿದು ‘ಬೆಳಕು ಬರ್ತಿದೆಯಾ’ ಅಂತ ಖಂಡಿತ ನೋಡಬೇಡಿ. ಅದು ಲೇಸರ್. ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಅಪಾಯ.

ದೀಪ ಸರಿಯಿದ್ದರೆ ರೂಟರ್ ಆಫ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ, ಎರಡು ಮೂರು ನಿಮಿಷ ಕಾಯಿರಿ. ಹಿಂದೆ ಇರುವ ಸಣ್ಣ ತೂತಿಗೆ ಪಿನ್ ಚುಚ್ಚಬೇಡಿ. ಅದು ರೀಸ್ಟಾರ್ಟ್ ಅಲ್ಲ, ರೀಸೆಟ್. ಲೈನ್‌ನವರು ಹಾಕಿಟ್ಟ ಯೂಸರ್ ನೇಮ್, ಪಾಸ್‌ವರ್ಡ್ ಎಲ್ಲ ಅಳಿಸಿಹೋಗುತ್ತದೆ. ಗುಡುಗು ಮಿಂಚು ಇರುವಾಗ ಈ ಯಾವ ವೈರನ್ನೂ ಮುಟ್ಟಬೇಡಿ. ಮಳೆ ಬರುವ ಮುಂಚೆಯೇ ರೂಟರ್ ಪ್ಲಗ್ ಕಿತ್ತಿಟ್ಟರೆ ಇನ್ನೂ ಒಳ್ಳೆಯದು.

## ಫೋನ್‌ಗೆ ಬರುತ್ತೆ, ಕಂಪ್ಯೂಟರ್‌ನಲ್ಲಿ ಯಾರಿಗೂ ಬರಲ್ಲ

ಖರ್ಚಿಲ್ಲದ್ದರಿಂದ ಶುರು ಮಾಡಿ. ಲ್ಯಾನ್ ಕೇಬಲ್ ಆದರೆ ಎರಡೂ ತುದಿ ಕಿತ್ತು ಮತ್ತೆ ಒತ್ತಿ, ಟಕ್ ಅನ್ನಬೇಕು. ಲ್ಯಾಪ್‌ಟಾಪ್ ಆದರೆ ಏರೋಪ್ಲೇನ್ ಮೋಡ್ ಆನ್ ಆಗಿದೆಯಾ ನೋಡಿ. ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್. ‘ಫಾಸ್ಟ್ ಸ್ಟಾರ್ಟಪ್’ ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ. ತನ್ನ ಒಳಗಿನ ಸ್ಥಿತಿಯನ್ನು ಡಿಸ್ಕ್‌ನಲ್ಲಿ ಬರೆದಿಟ್ಟುಕೊಂಡು ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ತಲೆನೋವು ಇವತ್ತೂ ಹಾಗೇ ಬರುತ್ತದೆ. ರೀಸ್ಟಾರ್ಟ್‌ನಲ್ಲಿ ಮಾತ್ರ ಹೊಸದಾಗಿ ಶುರುವಾಗುವುದು.

ಅದಾದ ಮೇಲೂ ಇಲ್ಲವೆಂದರೆ ವಿಳಾಸ ನೋಡಬೇಕು. ಸ್ಟಾರ್ಟ್ ಒತ್ತಿ ‘ಸಿಎಂಡಿ’ ಅಂತ ಟೈಪ್ ಮಾಡಿ ಕಪ್ಪು ಕಿಟಕಿ ತೆರೆಯಿರಿ. ‘ಐಪಿಕಾನ್ಫಿಗ್’ ಅಂತ ಒಂದೇ ಪದವಾಗಿ ಹೊಡೆದು ಎಂಟರ್ ಒತ್ತಿ. ಇದನ್ನು ನೋಡಲು ಅಡ್ಮಿನ್ (ಇಡೀ ಮಷಿನ್‌ನ ಸೆಟ್ಟಿಂಗ್ ಬದಲಿಸುವ ಅಧಿಕಾರ ಇರುವವರು) ಆಗಿರಬೇಕಿಲ್ಲ, ಏನೂ ಬದಲಾಗುವುದೂ ಇಲ್ಲ. ‘ಐಪಿವಿ4 ಅಡ್ರೆಸ್’ ಎಂಬ ಸಾಲಿನಲ್ಲಿ ಏನಿದೆ ಓದಿ.

169.254 ಅಂತ ಶುರುವಾಗಿದ್ದರೆ, ಕಂಪ್ಯೂಟರ್ ‘ನನಗೊಂದು ವಿಳಾಸ ಕೊಡಿ’ ಅಂತ ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ನಮ್ಮಲ್ಲಿ ಇದು ಜಾಸ್ತಿ ಆಗುವುದು ಕರೆಂಟ್ ಹೋಗಿ ಬಂದಾಗ. ಕಂಪ್ಯೂಟರ್ ಯುಪಿಎಸ್ ಮೇಲಿರುತ್ತದೆ, ರೂಟರ್ ಇರುವುದಿಲ್ಲ. ಕರೆಂಟ್ ಬಂದ ಮೇಲೂ ರೂಟರ್ ಇನ್ನೂ ಕಣ್ಣು ಉಜ್ಜಿಕೊಳ್ಳುತ್ತಿರುತ್ತದೆ. ಕೇಬಲ್ ಕಿತ್ತು ಹಾಕಿ, ಅಥವಾ ವೈಫೈ ಆಫ್ ಮಾಡಿ ಆನ್ ಮಾಡಿ. ಅಷ್ಟಕ್ಕೇ ಸರಿಹೋಗುವುದು ಹೆಚ್ಚು. ದಿನಾ ಇದೇ ಗೋಳಾದರೆ ರೂಟರನ್ನೂ ಯುಪಿಎಸ್‌ಗೆ ಸೇರಿಸಿ.

192.168 ಅಂತ ಶುರುವಾಗಿದ್ದರೂ ಖುಷಿಪಡಬೇಡಿ. ಕೆಳಗೆ ‘ಡೀಫಾಲ್ಟ್ ಗೇಟ್‌ವೇ’ ಸಾಲು ಇದೆ. ಅಲ್ಲಿ ರೂಟರ್‌ನ ನಿಜವಾದ ನಂಬರ್ ಇರಬೇಕು. ಹೋದ ವರ್ಷ ತಮ್ಮನ ಅಂಗಡಿಗೆ ಹೊಸ ರೂಟರ್ ಬಂತು. ಫೋನ್‌ಗೆಲ್ಲ ನೆಟ್ ಬಂತು, ಕಂಪ್ಯೂಟರ್‌ಗೆ ಬರಲಿಲ್ಲ. ಲೈನ್ ಹುಡುಗ ‘ನಿಮ್ಮ ಪಿಸಿನೇ ಹೋಗಿದೆ ಸಾರ್’ ಅಂತ ಹೇಳಿ ಹೊರಟುಹೋದ. ನೋಡಿದರೆ ಕಂಪ್ಯೂಟರ್‌ನಲ್ಲಿ 192.168.1.10 ಅಂತ ಯಾರೋ ಕೈಯಾರೆ ಬರೆದಿಟ್ಟಿದ್ದರು, ಪ್ರಿಂಟರ್ ಜೋಡಿಸುವಾಗ. ಹೊಸ ರೂಟರ್ 192.168.0.1ರಲ್ಲಿ ಕೂತಿತ್ತು. ಮೂರನೆಯ ಜಾಗದಲ್ಲಿ 1ರ ಬದಲು 0, ಅಷ್ಟಕ್ಕೇ ಇಬ್ಬರೂ ಬೇರೆ ಬೇರೆ ಬೀದಿಯಲ್ಲಿದ್ದ ಹಾಗೆ. ಪರಸ್ಪರ ಕೂಗಿದರೂ ಕೇಳಿಸುವುದಿಲ್ಲ.

ಸರಿಪಡಿಸುವುದು ಸುಲಭ: ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ನಿಮ್ಮ ಕನೆಕ್ಷನ್, ಅಲ್ಲಿ ‘ಐಪಿ ಅಸೈನ್‌ಮೆಂಟ್’ ಎದುರು ‘ಮ್ಯಾನ್ಯುಯಲ್’ ಇದ್ದರೆ ‘ಆಟೋಮ್ಯಾಟಿಕ್’ ಮಾಡಿ. ಮುಂಚೆ ಹಳೆಯ ನಂಬರ್‌ಗಳ ಫೋಟೋ ತೆಗೆದಿಟ್ಟುಕೊಳ್ಳಿ. ಪ್ರಿಂಟರ್ ಆ ನಂಬರ್ ನಂಬಿಕೊಂಡಿರಬಹುದು, ಅಲ್ವಾ?

ವಿಳಾಸ ಸರಿಯಿದ್ದೂ ಸೈಟ್ ತೆರೆಯದಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’, ಒಂದು ಸ್ಪೇಸ್, 8.8.8.8 ಅಂತ ಹೊಡೆಯಿರಿ. ‘ರಿಪ್ಲೈ ಫ್ರಮ್’ ಅಂತ ನಾಲ್ಕು ಸಾಲು ಬಂದರೆ ಹೊರಗಿನವರೆಗೆ ದಾರಿ ಸರಿಯಿದೆ. ಈಗ ಅಂಕಿಯ ಬದಲು ಯಾವುದಾದರೂ ಸೈಟ್ ಹೆಸರು ಕೊಟ್ಟು ಪಿಂಗ್ ಮಾಡಿ. ಅಂಕಿಗೆ ಉತ್ತರ ಬಂದು, ಹೆಸರಿಗೆ ‘ಕುಡ್ ನಾಟ್ ಫೈಂಡ್ ಹೋಸ್ಟ್’ ಅಂದರೆ ಕೆಟ್ಟಿರುವುದು ಡಿಎನ್‌ಎಸ್, ಅಂದರೆ ಹೆಸರನ್ನು ಅಂಕಿಯಾಗಿ ಹುಡುಕಿಕೊಡುವ ಕೆಲಸ. ಅದನ್ನೂ ಮೇಲಿನ ಜಾಗದಲ್ಲೇ ಆಟೋಮ್ಯಾಟಿಕ್ ಮಾಡಿ.

ನೆಟ್ ಇದೆ, ಆದರೆ ಪ್ರತಿ ಸೈಟ್‌ನಲ್ಲೂ ‘ನಿಮ್ಮ ಕನೆಕ್ಷನ್ ಪ್ರೈವೇಟ್ ಅಲ್ಲ’ ಎಂಬ ಎಚ್ಚರಿಕೆ ಬರುತ್ತಿದ್ದರೆ ಮೂಲೆಯ ಗಡಿಯಾರ ನೋಡಿ. ತಾರೀಕು ಹಿಂದೆ ಹೋಗಿದ್ದರೆ ಸೈಟ್‌ಗಳ ಸರ್ಟಿಫಿಕೇಟ್‌ಗೆ (ಸೈಟ್‌ನ ಗುರುತಿನ ಪತ್ರಕ್ಕೆ) ತಾಳೆಯಾಗುವುದಿಲ್ಲ. ಸ್ಟ್ಯಾಂಡರ್ಡ್ ಅಕೌಂಟ್‌ನವರು, ಅಂದರೆ ಅಡ್ಮಿನ್ ಅಲ್ಲದವರು, ಟೈಮ್ ಝೋನ್ ಬದಲಿಸಬಹುದು, ತಾರೀಕು, ಸಮಯ ಬದಲಿಸಲಾಗುವುದಿಲ್ಲ. ಅದಕ್ಕೆ ಅಡ್ಮಿನ್ ಬೇಕು. ಪ್ರತಿ ಸಲ ಪ್ಲಗ್ ಕಿತ್ತಾಗಲೂ ತಾರೀಕು ಹಿಂದೆ ಹೋಗುತ್ತಿದ್ದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಹೆಚ್ಚಿನ ಡೆಸ್ಕ್‌ಟಾಪ್‌ಗಳಲ್ಲಿ ಅದು ಸಿಆರ್2032, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಹಾಕುವಾಗ ಪವರ್ ಕೇಬಲ್ ಕಿತ್ತಿರಬೇಕು.

ವೈಫೈ ಚಿಹ್ನೆಯೇ ಮಾಯವಾಗಿದ್ದರೆ ಅಡಾಪ್ಟರ್ ಯಾರೋ ಡಿಸೇಬಲ್ ಮಾಡಿದ್ದಾರೆ, ಇಲ್ಲವೇ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ಹೋಗಿದೆ. ಎರಡನ್ನೂ ಅಡ್ಮಿನ್ ಅಕೌಂಟ್‌ನಿಂದಲೇ ನೋಡಬೇಕು.

## ಪಕ್ಕದವರಿಗೆ ಬರುತ್ತೆ, ನನಗೆ ಮಾತ್ರ ಬರಲ್ಲ

ಜನ ಅತಿ ಹೆಚ್ಚು ಹೊತ್ತು ಕಳೆಯುವುದು ಇಲ್ಲಿ. ರೂಟರ್ ಹತ್ತು ಸಲ ಆಫ್ ಆಗಿರುತ್ತದೆ, ಕೇಬಲ್ ಬದಲಾಗಿರುತ್ತದೆ, ಲೈನ್‌ನವನಿಗೆ ಬೈದೂ ಆಗಿರುತ್ತದೆ. ದೋಷ ಮಾತ್ರ ಆ ಅಕೌಂಟ್ ಒಳಗೆ ಹಾಯಾಗಿ ಕೂತಿರುತ್ತದೆ.

ಮೊದಲು ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು ನೋಡಿ. ಅಲ್ಲಿ ಎಕ್ಸ್‌ಟೆನ್ಷನ್‌ಗಳು ನೀವಾಗಿ ಅನುಮತಿ ಕೊಡದ ಹೊರತು ನಡೆಯುವುದಿಲ್ಲ. ಅಲ್ಲಿ ಸೈಟ್ ತೆರೆದರೆ ತಪ್ಪು ಯಾವುದೋ ಎಕ್ಸ್‌ಟೆನ್ಷನ್‌ದು ಅಥವಾ ಹಳೆಯ ಕುಕೀದು (ಸೈಟ್ ಬ್ರೌಸರ್‌ನಲ್ಲಿ ಬಿಟ್ಟುಹೋದ ಗುರುತು). ಕುಕೀ ಅಳಿಸಿ, ಎಕ್ಸ್‌ಟೆನ್ಷನ್‌ಗಳನ್ನು ಒಂದೊಂದೇ ಆಫ್ ಮಾಡುತ್ತಾ ಬನ್ನಿ.

ಅಲ್ಲೂ ತೆರೆಯದಿದ್ದರೆ ಪ್ರಾಕ್ಸಿ ನೋಡಿ. ಗಿರಾಕಿಗಳ ಅಕೌಂಟ್‌ನಲ್ಲಿ ಒಂದು ಸಲ ಆದದ್ದು ಹೇಳುತ್ತೇನೆ. ಪಿಂಗ್ ಹೋಗುತ್ತಿತ್ತು, ಬ್ರೌಸರ್ ಮಾತ್ರ ‘ಪ್ರಾಕ್ಸಿ ಕನೆಕ್ಷನ್ ಫೇಲ್ಡ್’ ಅನ್ನುತ್ತಿತ್ತು. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಪ್ರಾಕ್ಸಿ. ಒಳಗೆ ‘ಯೂಸ್ ಎ ಪ್ರಾಕ್ಸಿ ಸರ್ವರ್’ ಆನ್ ಆಗಿತ್ತು, ವಿಳಾಸದ ಜಾಗದಲ್ಲಿ 127.0.0.1. ಆ ನಂಬರ್ ಅಂದರೆ ‘ಇದೇ ಕಂಪ್ಯೂಟರ್’. ಯಾರೋ ಬಿಟ್ಟಿ ಪಿಡಿಎಫ್ ಕನ್ವರ್ಟರ್ ಒಂದನ್ನು ಇಳಿಸಿಕೊಂಡಿದ್ದರು. ಅದು ಬ್ರೌಸರ್‌ನ ಮಾತೆಲ್ಲ ತನ್ನ ಮೂಲಕವೇ ಹೋಗಲಿ ಅಂತ ಪ್ರಾಕ್ಸಿ ಬರೆದಿತ್ತು. ಆಂಟಿವೈರಸ್ ಆ ಪ್ರೋಗ್ರಾಮನ್ನು ಕಿತ್ತುಹಾಕಿತ್ತು, ಪ್ರಾಕ್ಸಿ ಸಾಲನ್ನು ಬಿಟ್ಟಿತ್ತು. ಬ್ರೌಸರ್ ಖಾಲಿ ಮನೆಯ ಬಾಗಿಲು ತಟ್ಟುತ್ತಾ ನಿಂತಿತ್ತು. ಸ್ವಿಚ್ ಆಫ್ ಮಾಡಿದೆ, ನೆಟ್ ಬಂತು. ಈ ಸೆಟ್ಟಿಂಗ್ ಬದಲಿಸಲು ಅಡ್ಮಿನ್ ಬೇಕಾಗಿಲ್ಲ, ಆದ್ದರಿಂದ ಯಾರು ಬೇಕಾದರೂ ಕೆಡಿಸಬಹುದು, ಯಾರು ಬೇಕಾದರೂ ಸರಿಮಾಡಬಹುದು.

ಆದರೆ ಒಂದು ಮಾತು. ಆಫ್ ಮಾಡಿದ ಸ್ವಿಚ್ ಸ್ವಲ್ಪ ಹೊತ್ತಿಗೆ ತಾನಾಗಿ ಆನ್ ಆದರೆ ಅಲ್ಲಿಗೆ ನಿಲ್ಲಿಸಿ. ಆ ಪ್ರೋಗ್ರಾಮ್ ಇನ್ನೂ ಒಳಗೆ ಓಡುತ್ತಿದೆ. ಕೇಬಲ್ ಕಿತ್ತು ಅಥವಾ ವೈಫೈ ಆಫ್ ಮಾಡಿ, ಗೊತ್ತಿರುವವರನ್ನು ಕರೆಯಿರಿ. ಅಲ್ಲಿಯವರೆಗೆ ಆ ಕಂಪ್ಯೂಟರ್‌ನಲ್ಲಿ ಬ್ಯಾಂಕ್, ಇಮೇಲ್, ಒಟಿಪಿ ಬೇಡವೇ ಬೇಡ. ಈಗಾಗಲೇ ಲಾಗಿನ್ ಆಗಿದ್ದರೆ ಪಾಸ್‌ವರ್ಡನ್ನು ಬೇರೆ ಸಾಧನದಿಂದ ಬದಲಿಸಿ.

ಹಳೆಯ ಕೇಬಲ್ ಇಂಟರ್ನೆಟ್ ಇನ್ನೂ ಬಳಸುವವರಿಗೆ ಇನ್ನೊಂದು ಕಾರಣ ಇದೆ. ದಿನಾ ಬೆಳಿಗ್ಗೆ ‘ಬ್ರಾಡ್‌ಬ್ಯಾಂಡ್ ಕನೆಕ್ಷನ್’ ಮೇಲೆ ಒತ್ತಿ ಕನೆಕ್ಟ್ ಆಗುವ ಪದ್ಧತಿ ಇದೆಯಲ್ಲ, ಅದು. ಅದನ್ನು ಮೊದಲು ತಯಾರಿಸುವಾಗ ‘ಈ ಕನೆಕ್ಷನ್ ಬೇರೆಯವರೂ ಬಳಸಲಿ’ ಎಂಬ ಅರ್ಥದ ಒಂದು ಟಿಕ್ ಬಾಕ್ಸ್ ಇರುತ್ತದೆ. ಟಿಕ್ ಮಾಡದಿದ್ದರೆ ಅದು ತಯಾರಿಸಿದವರ ಅಕೌಂಟ್‌ನಲ್ಲಿ ಮಾತ್ರ ಕಾಣುತ್ತದೆ. ಟಿಕ್ ಹಾಕಿ ಮತ್ತೊಮ್ಮೆ ತಯಾರಿಸಿದರೆ ಮುಗಿಯಿತು.

ಏನು ಮಾಡಿದರೂ ಆಗದಿದ್ದರೆ ಅಡ್ಮಿನ್‌ನಿಂದ ಹೊಸ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿ ಅದರಲ್ಲಿ ನೋಡಿ. ಹೊಸದರಲ್ಲಿ ಬಂದರೆ ಹಳೆಯದನ್ನು ರಿಪೇರಿ ಮಾಡುತ್ತಾ ಕೂರುವುದು ದಂಡ. ಫೈಲ್‌ಗಳನ್ನು ಹೊಸದಕ್ಕೆ ನಕಲು ಮಾಡಿಕೊಂಡು, ಎಲ್ಲ ತೆರೆಯುತ್ತವೆ ಅಂತ ಖಾತ್ರಿಯಾದ ಮೇಲಷ್ಟೇ ಹಳೆಯದನ್ನು ಅಳಿಸಿ. ಅಳಿಸುವಾಗ ವಿಂಡೋಸ್ ‘ಅಕೌಂಟ್ ಅಂಡ್ ಡೇಟಾ’ ಅಂತ ಕೇಳುತ್ತದೆ. ಡೇಟಾ ಅಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋಟೋ ಎಲ್ಲಾ.

## ಏನು ಒತ್ತಿದರೂ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತೆ

ಇದು ದೋಷವಲ್ಲ. ಕಾವಲು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಸ್ಟ್ಯಾಂಡರ್ಡ್ ಅಕೌಂಟ್‌ನಿಂದ ಎಲ್ಲರಿಗೂ ತಾಗುವ ಬದಲಾವಣೆ ಮಾಡಹೊರಟರೆ ಸ್ಕ್ರೀನ್ ಮಬ್ಬಾಗಿ ಪಾಸ್‌ವರ್ಡ್ ಕೇಳುತ್ತದೆ. ವಿಂಡೋಸ್‌ಗೆ ಈ ಪದ್ಧತಿ ಬಂದದ್ದು 2007ರಲ್ಲಿ, ವಿಸ್ಟಾ ಜೊತೆ. ಆಗ ಜನ ಬೈದದ್ದೇ ಬೈದದ್ದು.

ಆ ಕಿಟಕಿಯಲ್ಲಿ ಮೂರು ವಿಷಯ ನೋಡಿ. ಕೇಳುತ್ತಿರುವ ಪ್ರೋಗ್ರಾಮ್ ಯಾವುದು, ಮೇಲಿನ ಪಟ್ಟಿ ಯಾವ ಬಣ್ಣ, ಅದನ್ನು ಕರೆದದ್ದು ನೀವೇನಾ. ನೀಲಿ ಪಟ್ಟಿ ಇದ್ದರೆ ತಯಾರಿಸಿದವರ ಸಹಿ ತಾಳೆಯಾಗಿದೆ. ಹಳದಿ ಇದ್ದರೆ ತಯಾರಿಸಿದವರು ಯಾರೋ ವಿಂಡೋಸ್‌ಗೆ ಗೊತ್ತಿಲ್ಲ. ನೀವು ಏನೂ ಒತ್ತದೆ ತಾನಾಗಿ ಬಂದರೆ ‘ನೋ’ ಒತ್ತಿ, ಬಣ್ಣ ಯಾವುದೇ ಇರಲಿ.

ಈಗ ಎಲ್ಲ ಅಂಗಡಿಯಲ್ಲೂ ಆಗುವ ತಪ್ಪು. ಪದೇ ಪದೇ ಪಾಸ್‌ವರ್ಡ್ ಕೇಳುತ್ತೆ ಅಂತ ಬೇಸತ್ತು ಮಾಲೀಕ ಎಲ್ಲರನ್ನೂ ಅಡ್ಮಿನ್ ಮಾಡಿಬಿಡುತ್ತಾನೆ. ನನ್ನ ತಮ್ಮನೂ ಮಾಡಿದ್ದ. ಆಮೇಲೆ ಆರು ತಿಂಗಳಲ್ಲಿ ನನಗೆ ಬಂದ ಫೋನ್‌ಗಳಲ್ಲಿ ಹೆಚ್ಚಿನವು ‘ಎಲ್ಲರಿಗೂ’ ಎಂಬ ಗುಂಪಿನವು. ಒಬ್ಬ ಮಾಡಿದ ತಪ್ಪಿಗೆ ನಾಲ್ವರೂ ಕೈಕಟ್ಟಿ ಕೂರುವಂಥವು. ತಮ್ಮನನ್ನು ಬಿಟ್ಟು ಉಳಿದವರನ್ನೆಲ್ಲ ವಾಪಸ್ ಸ್ಟ್ಯಾಂಡರ್ಡ್ ಮಾಡಿದ ಮೇಲೆ ಫೋನ್ ಬರುವುದೇ ಕಡಿಮೆಯಾಯಿತು.

ಸಂಜೆ ಹುಡುಗನಿಗೆ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವ ಅಗತ್ಯ ನಿಜವಾಗಿ ಇದ್ದರೆ ಅಷ್ಟಕ್ಕೆ ಮಾತ್ರ ಅಧಿಕಾರ ಕೊಡಬಹುದು. ವಿಂಡೋಸ್‌ನಲ್ಲಿ ‘ನೆಟ್‌ವರ್ಕ್ ಕಾನ್ಫಿಗರೇಶನ್ ಆಪರೇಟರ್ಸ್’ ಎಂಬ ಗುಂಪು ಮೊದಲಿನಿಂದಲೇ ತಯಾರಿರುತ್ತದೆ. ಅದಕ್ಕೆ ಸೇರಿಸಿದವರು ಐಪಿ ವಿಳಾಸ ಬದಲಿಸಬಹುದು, ಆದರೆ ಬೇರೆಯವರ ಅಕೌಂಟ್ ಅಳಿಸಲಾಗದು. ಪ್ರೊ ಆವೃತ್ತಿಯಲ್ಲಿ ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ ಕಿಟಕಿಯಿಂದ ಸೇರಿಸಿ. ಹೋಮ್ ಆವೃತ್ತಿಯಲ್ಲಿ ಆ ಕಿಟಕಿ ಇಲ್ಲ. ಅಡ್ಮಿನ್ ಆಗಿ ಕಪ್ಪು ಕಿಟಕಿ ತೆರೆದು ಹೀಗೆ ಹೊಡೆಯಬೇಕು: ನೆಟ್, ಸ್ಪೇಸ್, ಲೋಕಲ್‌ಗ್ರೂಪ್ ಒಂದೇ ಪದವಾಗಿ, ಸ್ಪೇಸ್, ಡಬಲ್ ಕೋಟ್ ಒಳಗೆ ಗುಂಪಿನ ಪೂರ್ತಿ ಹೆಸರು, ಸ್ಪೇಸ್, ಅಕೌಂಟ್ ಹೆಸರು, ಸ್ಪೇಸ್, ಸ್ಲ್ಯಾಶ್ ಆಡ್. ತೆಗೆಯಬೇಕಾದರೆ ಕೊನೆಯಲ್ಲಿ ಸ್ಲ್ಯಾಶ್ ಡಿಲೀಟ್. ಅವನು ಸೈನ್ ಔಟ್ ಆಗಿ ಮತ್ತೆ ಒಳಗೆ ಬಂದ ಮೇಲಷ್ಟೇ ಇದು ಜಾರಿಗೆ ಬರುವುದು. ‘ಮಾಡಿದೆ, ಆದರೂ ಆಗ್ತಿಲ್ಲ’ ಅನ್ನುವವರು ಎಡವುವುದು ಇಲ್ಲೇ.

ಇದನ್ನು ಮಾಡುವ ಮುಂಚೆ ವಿಂಡೋಸ್ ಅಪ್‌ಡೇಟ್ ಮುಗಿಸಿ. ಈ ಗುಂಪಿನ ಸದಸ್ಯ ಪೂರ್ತಿ ಅಧಿಕಾರ ಗಿಟ್ಟಿಸಿಕೊಳ್ಳಬಹುದಾದ ಒಂದು ತೂತನ್ನು 2025ರ ಜನವರಿಯ ಅಪ್‌ಡೇಟ್‌ನಲ್ಲಿ ಮುಚ್ಚಿದ್ದಾರೆ.

## ಪಾಸ್‌ವರ್ಡ್ ಕೇಳುವ ಕಿಟಕಿಯಲ್ಲಿ ‘ಯೆಸ್’ ಒತ್ತಲಾಗುತ್ತಿಲ್ಲ

‘ನೋ’ ಮಾತ್ರ ಇದೆ, ಪಾಸ್‌ವರ್ಡ್ ಬರೆಯಲು ಜಾಗವೂ ಇಲ್ಲ. ಇದರರ್ಥ ಆ ಕಂಪ್ಯೂಟರ್‌ನಲ್ಲಿ ಚಾಲ್ತಿಯಲ್ಲಿರುವ ಅಡ್ಮಿನ್ ಒಬ್ಬರೂ ಉಳಿದಿಲ್ಲ. ಇದ್ದ ಒಬ್ಬ ಅಡ್ಮಿನ್ ತನ್ನನ್ನೇ ಸ್ಟ್ಯಾಂಡರ್ಡ್ ಮಾಡಿಕೊಂಡಿದ್ದಾನೆ, ಇಲ್ಲವೇ ಆ ಅಕೌಂಟ್ ಅಳಿಸಿದ್ದಾರೆ. ಮನೆಗೆ ಬೀಗ ಹಾಕಿ ಕೀಲಿಕೈ ಒಳಗೇ ಬಿಟ್ಟ ಹಾಗೆ.

ಇಲ್ಲಿ ನೀವಾಗಿ ಮುಂದುವರಿಯಬೇಡಿ. ಬೂಟ್ ಮಾಡುವ ಪೆನ್‌ಡ್ರೈವ್, ಪಾಸ್‌ವರ್ಡ್ ಒಡೆಯುವ ಟೂಲ್ ಅಂತ ವಿಡಿಯೋಗಳು ಬೇಕಾದಷ್ಟಿವೆ, ಅವುಗಳಲ್ಲಿ ಅರ್ಧ ತಾವೇ ವೈರಸ್ ಹೊತ್ತು ತರುತ್ತವೆ ಅನ್ನುವುದು ನನ್ನ ಅನುಮಾನ. ಫೈಲ್‌ಗಳನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಕೊಂಡು ಟೆಕ್ನಿಷಿಯನ್ ಹತ್ತಿರ ಹೋಗಿ. ಹೀಗಾಗದಂತೆ ಮೊದಲೇ ಇನ್ನೊಂದು ಅಡ್ಮಿನ್ ಅಕೌಂಟ್ ಮಾಡಿ, ದಿನನಿತ್ಯ ಬಳಸದೆ ಸುಮ್ನೆ ಇಟ್ಟಿರಿ.

## ಫೈಲ್ ಕಾಣುತ್ತೆ, ತೆರೆಯಲು ಬಿಡಲ್ಲ

ಮೊದಲು ಬಂದ ಮಾತನ್ನು ಸರಿಯಾಗಿ ಓದಿ. ‘ಲಾಕ್ಡ್ ಫಾರ್ ಎಡಿಟಿಂಗ್’ ಅಥವಾ ‘ಫೈಲ್ ಇನ್ ಯೂಸ್’ ಅಂದರೆ ಅನುಮತಿಯ ತೊಂದರೆ ಅಲ್ಲ. ಬೆಳಗಿನವರು ಸೈನ್ ಔಟ್ ಆಗದೆ ಸ್ವಿಚ್ ಯೂಸರ್ ಮಾಡಿ ಹೋಗಿದ್ದಾರೆ, ಅವರ ವರ್ಡ್ ಹಿಂದೆ ತೆರೆದೇ ಇದೆ. ಅವರೇ ಬಂದು ಮುಚ್ಚಲಿ. ‘ಆಕ್ಸೆಸ್ ಡಿನೈಡ್’ ಅಂದರೆ ಮಾತ್ರ ಮುಂದೆ ಓದಿ.

ಇದರ ಹಿಂದಿರುವ ಅತಿ ಸಾಮಾನ್ಯ ಕಾರಣ ಯಾರಿಗೂ ಹೊಳೆಯದ್ದು: ಕಟ್ ಪೇಸ್ಟ್. ಬೆಳಗಿನ ಹುಡುಗಿ ಒಂದು ಮದುವೆ ಪತ್ರಿಕೆಯನ್ನು ತನ್ನ ಡೆಸ್ಕ್‌ಟಾಪ್‌ನಲ್ಲಿ ಮಾಡಿ, ಸಂಜೆಯವನು ಪ್ರಿಂಟ್ ತೆಗೆಯಲಿ ಅಂತ ಸಿ ಡ್ರೈವ್‌ನಲ್ಲೇ ಇರುವ, ಎಲ್ಲ ಅಕೌಂಟ್‌ಗೂ ತೆರೆದಿರುವ ಪಬ್ಲಿಕ್ ಡಾಕ್ಯುಮೆಂಟ್ಸ್ ಫೋಲ್ಡರ್‌ಗೆ ಕಟ್ ಮಾಡಿ ಹಾಕಿದ್ದಳು. ಅವನಿಗೆ ಫೈಲ್ ಕಾಣುತ್ತದೆ, ತೆರೆಯುವುದಿಲ್ಲ. ಗಿರಾಕಿ ಎದುರಿಗೆ ನಿಂತಿದ್ದಾರೆ.

ಒಂದೇ ಡ್ರೈವ್ ಒಳಗೆ ಕಟ್ ಮಾಡಿ ಹಾಕಿದ ಫೈಲ್ ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಹೋಗುತ್ತದೆ. ಡೆಸ್ಕ್‌ಟಾಪ್‌ನಲ್ಲಿದ್ದಾಗ ‘ಇವಳಿಗೆ ಮಾತ್ರ’ ಅಂತ ಇತ್ತು, ಈಗಲೂ ಹಾಗೇ. ಕಾಪಿ ಮಾಡಿ ಹಾಕಿದರೆ ಹೊಸ ಫೈಲ್ ಹುಟ್ಟುತ್ತದೆ, ಅದು ಹೋದ ಫೋಲ್ಡರ್‌ನ ಅನುಮತಿ ಪಡೆಯುತ್ತದೆ. ಸಿ ಯಿಂದ ಡಿ ಡ್ರೈವ್‌ಗೆ ಕಟ್ ಮಾಡಿದರೂ ಒಳಗೆ ಆಗುವುದು ಕಾಪಿಯೇ, ಅದಕ್ಕೇ ಅಲ್ಲಿ ಈ ತೊಂದರೆ ಬರುವುದಿಲ್ಲ. ಹಾಗಾಗಿ ಅವಳು ತನ್ನ ಅಕೌಂಟ್‌ನಿಂದ ಅದೇ ಫೋಲ್ಡರ್‌ನಲ್ಲಿ ಫೈಲ್‌ನ ಕಾಪಿ ಮಾಡಿ, ಹಳೆಯದನ್ನು ಅಳಿಸಿದರೆ ಸಾಕು. ನಮ್ಮ ಅಂಗಡಿಯಲ್ಲಿ ಈಗ ಗೋಡೆ ಮೇಲೆ ಬರೆದಿದ್ದಾರೆ: ‘ಪಬ್ಲಿಕ್‌ಗೆ ಕಾಪಿ, ಕಟ್ ಬೇಡ’.

ಅವಸರಕ್ಕೆ ಬಿದ್ದು ಮಾಡಬಾರದ್ದು ಕೆಲವಿವೆ. ಅಡ್ಮಿನ್ ಬೇರೆಯವರ ಫೋಲ್ಡರ್ ತೆರೆಯಹೋದಾಗ ‘ಕಂಟಿನ್ಯೂ’ ಎಂಬ ಬಟನ್ ಬರುತ್ತದೆ. ಇಣುಕಿ ನೋಡಲು ಅಂತ ಒತ್ತಿದರೂ ಆ ಫೋಲ್ಡರ್ ಮೇಲೆ ನಿಮ್ಮ ಹೆಸರಿಗೆ ಶಾಶ್ವತವಾಗಿ ಅನುಮತಿ ಬರೆದುಬಿಡುತ್ತದೆ. ಸೆಕ್ಯುರಿಟಿ ಕಿಟಕಿಯಲ್ಲಿ ‘ಯೂಸರ್ಸ್’ ಗುಂಪಿನ ಎದುರು ‘ಡಿನೈ’ ಟಿಕ್ ಮಾಡಿದರೆ ಗಿರಾಕಿಗಳು ಮಾತ್ರ ಹೊರಗುಳಿಯುತ್ತಾರೆ ಅಂದುಕೊಳ್ಳಬೇಡಿ. ಆ ಗುಂಪಿನಲ್ಲಿ ಲಾಗಿನ್ ಆಗುವ ಎಲ್ಲರೂ ಇರುತ್ತಾರೆ, ಅಡ್ಮಿನ್ ಕೂಡ. ಇನ್ನು ಇಡೀ ಸಿ ಡ್ರೈವ್‌ಗೆ ‘ಎವ್ರಿವನ್, ಫುಲ್ ಕಂಟ್ರೋಲ್’ ಕೊಡುವುದು, ವಿಂಡೋಸ್ ಫೋಲ್ಡರ್‌ನ ಓನರ್ ಬದಲಿಸುವುದು, ಇವನ್ನು ಮಾಡಿದ ಮೇಲೆ ಸರಿಯಾಗಿ ವಾಪಸ್ ತರುವುದಕ್ಕಿಂತ ಹೊಸದಾಗಿ ವಿಂಡೋಸ್ ಹಾಕುವುದೇ ಬೇಗ ಆಗುತ್ತದೆ.

## ಒಬ್ಬರಿಗೆ ಕನ್ನಡ, ಇನ್ನೊಬ್ಬರಿಗೆ ಅರ್ಥವಾಗದ ಅಕ್ಷರ

ಡಿಟಿಪಿ ಅಂಗಡಿಗಳಿಗೆ ಮಾತ್ರ ಇದು. ‘ನುಡಿ’ ಸಾಫ್ಟ್‌ವೇರ್‌ನ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರ್‌ಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲದ ಫಾಂಟ್‌ನಲ್ಲಿ ಮಾಡಿದ ಫೈಲ್ ತಮ್ಮನ ಅಕೌಂಟ್‌ನಲ್ಲಿ ಚಂದ ಕಾಣುತ್ತದೆ, ಹುಡುಗನ ಅಕೌಂಟ್‌ನಲ್ಲಿ ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ಫೈಲ್ ಕೆಟ್ಟಿಲ್ಲ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಫಾಂಟ್ ಮೇಲೆ ‘ಇನ್‌ಸ್ಟಾಲ್’ ಒತ್ತಿದರೆ ಅದು ಒತ್ತಿದವರ ಅಕೌಂಟ್‌ಗೆ ಮಾತ್ರ ಸೇರುತ್ತದೆ. ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್’ ಆರಿಸಿ, ಅಡ್ಮಿನ್ ಪಾಸ್‌ವರ್ಡ್ ಕೊಡಿ. ಯೂನಿಕೋಡ್‌ನಲ್ಲಿ ಮಾಡಿದ ಫೈಲ್‌ಗೆ ಈ ಕಾಟ ಇಲ್ಲ, ವಿಂಡೋಸ್ ಜೊತೆಗೇ ಬರುವ ನಿರ್ಮಲಾ ಫಾಂಟ್‌ನಲ್ಲಾದರೂ ಓದಬಹುದು.

## ಪ್ರಿಂಟ್ ಬೇರೆ ಕಡೆ ಹೋಗುತ್ತೆ, ನೆಟ್ ತೆವಳುತ್ತೆ

ಡೀಫಾಲ್ಟ್ ಪ್ರಿಂಟರ್ ಆಯಾ ಅಕೌಂಟ್‌ಗೆ ಬೇರೆ ಬೇರೆ. ಒಬ್ಬರದು ಸರಿಮಾಡಿದರೆ ಎಲ್ಲರದೂ ಸರಿಯಾಗುವುದಿಲ್ಲ, ಪ್ರತಿ ಅಕೌಂಟ್‌ನಲ್ಲೂ ಒಮ್ಮೆ ಆರಿಸಬೇಕು.

ನೆಟ್ ನಿಧಾನ ಅಂದಾಗ ಹಿಂದೆ ಯಾರಾದರೂ ಲಾಗಿನ್ ಆಗಿಯೇ ಇದ್ದಾರಾ ನೋಡಿ. ಅಡ್ಮಿನ್‌ನಿಂದ ಟಾಸ್ಕ್ ಮ್ಯಾನೇಜರ್ ತೆರೆದು ‘ಯೂಸರ್ಸ್’ ಪುಟಕ್ಕೆ ಹೋದರೆ ಯಾರ ಹೆಸರಿನಲ್ಲಿ ಎಷ್ಟು ನೆಟ್ ಓಡುತ್ತಿದೆ ಅಂತ ಕಾಣುತ್ತದೆ. ಅಲ್ಲಿಂದಲೇ ಅವರನ್ನು ಸೈನ್ ಔಟ್ ಮಾಡಬಹುದು. ಅವರು ಸೇವ್ ಮಾಡದ ಕೆಲಸ ಹೋಗುತ್ತದೆ, ಫೋನ್ ಮಾಡಿ ಕೇಳಿ.

## ಉಬುಂಟು ಇರುವ ಕಂಪ್ಯೂಟರ್‌ನಲ್ಲಿ

ಇಲ್ಲೂ ಅದೇ ಪ್ರಶ್ನೆ, ಒಬ್ಬರಿಗಾ ಎಲ್ಲರಿಗಾ. ಒಬ್ಬರಿಗೆ ವೈಫೈ ತಾನಾಗಿ ಸೇರುತ್ತದೆ, ಇನ್ನೊಬ್ಬರಿಗೆ ಪ್ರತಿ ಸಲ ಪಾಸ್‌ವರ್ಡ್ ಕೇಳುತ್ತದೆ ಅಂದರೆ ಆ ಕನೆಕ್ಷನ್ ಮೊದಲನೆಯವರ ಹೆಸರಿಗೆ ಮಾತ್ರ ಉಳಿದಿದೆ. ಅವರ ಅಕೌಂಟ್‌ನಲ್ಲಿ ವೈಫೈ ಹೆಸರಿನ ಪಕ್ಕದ ಹಲ್ಲಿನ ಚಕ್ರ ಒತ್ತಿ, ‘ಮೇಕ್ ಅವೈಲಬಲ್ ಟು ಅದರ್ ಯೂಸರ್ಸ್’ ಟಿಕ್ ಮಾಡಿ. ಆಗ ‘ಎಲ್ಲರ ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸಲು ಸಿಸ್ಟಂ ಬಿಡುವುದಿಲ್ಲ’ ಎಂಬ ಅರ್ಥದ ಮಾತು ಬಂದು ಪಾಸ್‌ವರ್ಡ್ ಕೇಳಬಹುದು. ಅದು ಅಡ್ಮಿನ್‌ದು, ವೈಫೈದಲ್ಲ. ವೈಫೈ ಪಾಸ್‌ವರ್ಡನ್ನೇ ಹತ್ತು ಸಲ ಹೊಡೆದು ‘ತಪ್ಪು ಅಂತಿದೆ’ ಅಂದವರು ಇದ್ದಾರೆ.

## ಯಾವಾಗ ಕೈಬಿಟ್ಟು ಬೇರೆಯವರನ್ನು ಕರೆಯಬೇಕು

ಸುಟ್ಟ ವಾಸನೆ ಬಂದರೆ, ಕಂಪ್ಯೂಟರ್ ಮುಟ್ಟಿದಾಗ ಜುಮ್ ಅಂದರೆ, ಮೇನ್ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್‌ಗೆ ಹೇಳಿ. ಅರ್ತಿಂಗ್ ಸರಿಯಿಲ್ಲದ ಪ್ಲಗ್‌ನಲ್ಲಿ ಇದು ಸಾಮಾನ್ಯ, ಹಾಗಂತ ಬಿಡುವಂಥದ್ದಲ್ಲ. ಹಂಚಿಕೊಂಡ ಕಂಪ್ಯೂಟರ್ ಬಳಸಿದ ಮೇಲೆ ಗಿರಾಕಿಯ ಖಾತೆಯಿಂದ ಹಣ ಹೋಗಿದೆ ಅಂತ ಗೊತ್ತಾದರೆ ಸೆಟ್ಟಿಂಗ್ ಹುಡುಕುತ್ತಾ ಕೂರಬೇಡಿ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ, ಬ್ಯಾಂಕ್‌ಗೂ ತಿಳಿಸಿ. ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ, ತನಿಖೆಗೆ ಬೇಕಾಗಬಹುದು. ಗಿರಾಕಿಗಳಿಗೆ ಬ್ರೌಸರ್‌ನ ಗೆಸ್ಟ್ ಕಿಟಕಿಯನ್ನೇ ತೆರೆದುಕೊಡಿ. ಅದನ್ನು ಮುಚ್ಚಿದಾಗ ಅವರ ಲಾಗಿನ್‌ಗಳು ಅದರ ಜೊತೆಗೇ ಹೋಗುತ್ತವೆ, ಇಳಿಸಿಕೊಂಡ ಫೈಲ್ ಮಾತ್ರ ಉಳಿಯುತ್ತದೆ, ಅದನ್ನು ಕೈಯಾರೆ ಅಳಿಸಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಾಮಾನ್ಯ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ಕ್ಕೆ. ಊರವರೆಲ್ಲ ಕೂರುವ ಕಂಪ್ಯೂಟರ್‌ನಲ್ಲಿ ಇನ್ನೂ ಅದೇ ಇದ್ದರೆ 11ಕ್ಕೆ ಹೋಗುವ ದಾರಿ ನೋಡಿ.

ಟೆಕ್ನಿಷಿಯನ್ ಬರುವ ಮುಂಚೆ ಒಂದು ಚೀಟಿಯಲ್ಲಿ ಬರೆದಿಡಿ: ಒಬ್ಬರಿಗಾ ಎಲ್ಲರಿಗಾ, ಯಾವಾಗಿನಿಂದ, ಸ್ಕ್ರೀನ್ ಮೇಲೆ ಬಂದ ಮಾತು ಅಕ್ಷರಶಃ, ಐಪಿವಿ4 ಮತ್ತು ಗೇಟ್‌ವೇ ನಂಬರ್, ಅದಕ್ಕೆ ಮುಂಚೆ ಯಾರು ಏನು ಇನ್‌ಸ್ಟಾಲ್ ಮಾಡಿದರು. ತಮ್ಮ ಮೊದಲ ಸಲ ಬರೆದ ಚೀಟಿಯಲ್ಲಿ ಇವೆಲ್ಲದರ ಜೊತೆ ಅಡ್ಮಿನ್ ಪಾಸ್‌ವರ್ಡ್ ಕೂಡ ಇತ್ತು, ಮಾನಿಟರ್‌ಗೆ ಅಂಟಿಸಿದ್ದ. ಅದೂ ಚೀಟಿಯ ಮುಖ ಗಿರಾಕಿಗಳ ಕಡೆಗೆ ಇರುವ ಹಾಗೆ.